ಅಕ್ಕ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಸಂಜೆ

ದೆವ್ವ, ಪವಾಡ ಎಂದವರನ್ನು ನಾನು ಗೇಲಿ ಮಾಡುತ್ತಿದ್ದೆ. ಬೆಳಗಾವಿಯ ಆಟೋ ನಗರದಲ್ಲಿ ಸುಟ್ಟ ಮೋಟಾರುಗಳ ರಿಪೇರಿ ನನ್ನ ಕೆಲಸ. ವೈರು ಹರಿದರೆ ಮೋಟಾರು ತಿರುಗದು. ಇದಕ್ಕಿಂತ ದೊಡ್ಡ ವೇದಾಂತ ನನಗೆ ಬೇಕಿರಲಿಲ್ಲ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನ ಆ ಒಂದು ಸಂಜೆ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನೀವೂ ಕೇಳಿ, ಬೇಕಾದರೆ ನಗಿ.

ನನ್ನ ಅಕ್ಕ ಸುನಂದಾಳಿಗೆ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ತನ್ನ ದನಿ ತನಗೇ ಕೇಳದೆ ಅವಳ ಮಾತು ವರ್ಷ ಕಳೆದಂತೆ ಒರಟಾಯಿತು, ಪಿಸುಗುಟ್ಟಿದರೂ ಕೂಗಿದಂತೆ. ಕಡೆಗೆ ಪುಣೆಯಲ್ಲಿ ಆಪರೇಷನ್ ಮಾಡಿ, ಕಿವುಡರಿಗೆ ಕೇಳಿಸುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಕೂಡಿಸಿದರು. ಸೊಂಟಕ್ಕೆ ಯಂತ್ರದ ಡಬ್ಬಿ, ಅಲ್ಲಿಂದ ಕಿವಿಯವರೆಗೆ ವೈರು. ಹಾಕಿಕೊಂಡರೆ ಮಾತು ಮೆತ್ತಗೆ, ತೆಗೆದರೆ ಮತ್ತೆ ಅದೇ ಕೂಗು. "ಆದ್ರ ಇದ್ರಾಗ ನನ್ನ ದನಿ ನಂದ ಅನಸೂದಿಲ್ಲೋ. ಡಬ್ಬಿ ಒಳಗಿಂದ ಯಾರೋ ಮಾತಾಡಿದಂಗ ಆಗ್ತದ" ಎನ್ನುತ್ತಿದ್ದಳು.

ನನ್ನ ಮಗಳ ನಾಮಕರಣ ಖಾನಾಪುರದಲ್ಲಿ, ಹೆಂಡತಿಯ ತವರಿನಲ್ಲಿ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರುವವಳು ಸೋದರತ್ತೆ. ಈ ಕೂಸಿಗೆ ಇದ್ದವಳು ಒಬ್ಬಳೇ, ನನ್ನಕ್ಕ. ತಲೆದಿಂಬಿಗೆ ಪಿಸುಗುಡುತ್ತ ದಿನವೂ ತಾಲೀಮು ನಡೆಸಿದ್ದಳು. ಹಾಳಾದ್ದು, ಆ ದಿನ ಬರುವಾಗ ಬಸ್ಸಿನ ನೂಕುನುಗ್ಗಲಲ್ಲಿ ಯಂತ್ರದ ವೈರು ಹರಿಯಿತು. ಇನ್ನೊಂದು ವೈರು ಬೆಳಗಾವಿಯಲ್ಲಿ, ಟಿಳಕವಾಡಿಯ ಮನೆಯಲ್ಲೇ ಉಳಿದಿತ್ತು. ನಾನು ಬೆಸೆಯಲು ಒದ್ದಾಡಿದೆ, ಆಗದೆ ಡಬ್ಬಿಯನ್ನು ನನ್ನ ಜೇಬಿಗೆ ಹಾಕಿಕೊಂಡೆ.

"ಬ್ಯಾರೆ ಯಾರರೆ ಹೇಳ್ಲಿ ಬಿಡ್ರಿ, ಕೂಸು ಹೆದರ್ತದ" ಎಂದರು ಹೆಂಡತಿಯ ತಾಯಿ. ಅಕ್ಕ ತುಟಿ ನೋಡಿಯೇ ಅರ್ಥಮಾಡಿಕೊಂಡಳು.

"ಅತ್ತಿ ನಾ ಅದೀನ್ರಿ. ನಾನ ಹೇಳ್ತೀನಿ."

ಆ ದನಿಗೆ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಚೀರಿತು. ಅಕ್ಕನ ಮುಖ ಸಣ್ಣದಾಯಿತು. ಆದದ್ದಾಗಲಿ ಎಂದು, ಹೇಳು ಎನ್ನುವಂತೆ ಕೈಸನ್ನೆ ಮಾಡಿದೆ.

ಅವಳು ತೊಟ್ಟಿಲಿಗೆ ಬಗ್ಗಿ ಕಣ್ಣು ಮುಚ್ಚಿದಳು. ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಹಿಂದಿನ ಹೆಂಗಸರು ಕೈ ಎತ್ತಿದ್ದರು. "ಮಾಧುರಿ" ಎಂದಳು. ಪಕ್ಕದಲ್ಲಿದ್ದ ನನಗಷ್ಟೇ ಕೇಳುವಷ್ಟು ಮೆತ್ತಗೆ. ಜ್ವರಕ್ಕೆ ಮುಂಚಿನ ಅಕ್ಕನ ದನಿ ಅದು, ನನ್ನಾಣೆಗೂ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ಮಿಕ್ಸರ್ ಹಾಕಿದರು. ಎರಡನೆಯ ಸಲ ಅಕ್ಕ ದನಿ ಏರಿಸಿದಳು, ಆ ಗದ್ದಲ ಮೀರಿ ಕೂಸಿಗೆ ಕೇಳುವಷ್ಟೇ. ಮಿಕ್ಸರ್ ನಿಂತಿತು. ಮೂರನೆಯ ಸಲ ದನಿಯೂ ಇಳಿಯಿತು. ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. ಅಂಗಿಯ ಜೇಬನ್ನು ನಾನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಡಬ್ಬಿ ಅಲ್ಲೇ ಇತ್ತು, ಹರಿದ ವೈರಿನ ಸಮೇತ.

ಅಕ್ಕ ಎದ್ದು ನನ್ನ ತೋಳು ಹಿಡಿದಳು. "ನನ್ನ ದನಿ ಕೇಳಿಸ್ತೋ ನನಗ. ಖರೇನ ನಂದ." ಆಗಲೇ ಅದು ಕೂಗಾಗಿತ್ತು, ಕೂಸು ಮತ್ತೆ ಅಳತೊಡಗಿತು.

ಡಾಕ್ಟರು ಅಭ್ಯಾಸಬಲ ಎಂದರು. ಕಿವಿ ಕೇಳದವಳು ಮಿಕ್ಸರಿಗೆ ತಕ್ಕಂತೆ ದನಿ ಏರಿಸಿ ಇಳಿಸಿದ್ದು ಹೇಗೆ ಎಂದು ಕೇಳಿದ್ದಕ್ಕೆ ಮತ್ತೊಮ್ಮೆ ಕಿವಿಯ ಪರೀಕ್ಷೆ ಬರೆದುಕೊಟ್ಟರು. ನಾನೂ ಎಷ್ಟು ತಲೆ ಕೆರೆದುಕೊಂಡರೂ ಬಗೆಹರಿದಿಲ್ಲ. ಅಕ್ಕ ಈಗಲೂ ಒಮ್ಮೊಮ್ಮೆ ಯಂತ್ರ ತೆಗೆದಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ಆ ದನಿ ಬಂದೀತೇನೋ ಎಂದು "ಮಾಧುರಿ" ಎಂದು ಪಿಸುಗುಡುತ್ತಾಳೆ. ಅದು ಓಣಿಗೆಲ್ಲ ಕೇಳುತ್ತದೆ. ನಾವು ಯಾರೂ ಅವಳಿಗೆ ಹೇಳಿಲ್ಲ. ಮಗಳು ಮಾತ್ರ ಎಲ್ಲಿದ್ದರೂ "ಬಂದ್ನಿ ಅತ್ತಿ" ಎಂದು ಉತ್ತರ ಕೊಡುತ್ತಾಳೆ.