ಆಗಿದೆ, ಆಗಿಂದಿ

ಆ ಯಂತ್ರದ ಸದ್ದು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ವಿಜಯವಾಡದ ಪಟಮಟದಲ್ಲಿರುವ ಅಕ್ಕನ ಮನೆಯ ಹಾಲ್‌ನಲ್ಲಿ, ದೇವರ ಗೂಡಿನ ಪಕ್ಕದಲ್ಲೇ, ಭಾವ ಅದನ್ನು ಕೂರಿಸಿದ್ದರು. ದೊಡ್ಡ ದೊಡ್ಡ ಲೆಕ್ಕ ಬಿಡಿಸಿ ಡಿಜಿಟಲ್ ನಾಣ್ಯ ಗಳಿಸುವ, ಗಣಿಗಾರಿಕೆಯ ಯಂತ್ರ. ಒಂಟಿಯಾಗಿ ದುಡಿದರೆ ಏನೂ ಗಿಟ್ಟುವುದಿಲ್ಲವೆಂದು, ಎಲ್ಲೆಲ್ಲಿಯದೋ ಯಂತ್ರಗಳು ಸೇರಿ ದುಡಿದು ಹಂಚಿಕೊಳ್ಳುವ ಪೂಲ್ ಒಂದಕ್ಕೆ ಅದನ್ನು ಸೇರಿಸಿದ್ದರು. ಇಂಟರ್‌ನೆಟ್ ಲೈನ್ ಕಡಿಯಬಾರದು, ವೈಫೈಗಿಂತ ಕೇಬಲ್ ಒಳ್ಳೆಯದು, ಉತ್ತರ ತಡವಾಗಿ ತಲುಪಿದರೆ ಲೆಕ್ಕಕ್ಕಿಲ್ಲ ಎಂದು ಪೂಲ್‌ನವರ ನಿಯಮ. ಅಷ್ಟನ್ನು ಓದಿದ್ದೇ ತಡ, ಭಾವ ಮನೆಯ ವೈಫೈ ಆರಿಸಿ ಇಡೀ ಲೈನನ್ನು ಯಂತ್ರಕ್ಕೆ ಧಾರೆ ಎರೆದುಬಿಟ್ಟರು.

ಅದೇ ಲೈನಿನಲ್ಲಿ ಅಕ್ಕ ಸಂಜೆ ಕನ್ನಡ ಪಾಠ ಹೇಳುತ್ತಿದ್ದಳು. ಆಂಧ್ರದಲ್ಲೇ ಹುಟ್ಟಿ ಬೆಳೆದು, ಫೋನಿನಲ್ಲಿ ಅಜ್ಜಿಯ ಜೊತೆ ಎರಡು ಮಾತಾಡಲೂ ತಡವರಿಸುವ ನಮ್ಮವರ ಮಕ್ಕಳಿಗೆ. ಮೊದಲ ಪಾಠವೇ ‘ಆಗು’. ತೆಲುಗಿನಲ್ಲಿ ಹಾಗೆಂದರೆ ನಿಲ್ಲು, ನಮ್ಮಲ್ಲಿ ಹಾಗಲ್ಲ ಎಂದು ನಗಿಸುತ್ತಲೇ ಶುರುಮಾಡುತ್ತಿದ್ದಳು. ವೈಫೈ ಹೋದಮೇಲೆ ಮೊಬೈಲಿನಲ್ಲಿ ಪಾಠ ತುಂಡು ತುಂಡಾಗಿ, ಮಕ್ಕಳು ಒಬ್ಬೊಬ್ಬರಾಗಿ ಜಾರಿಕೊಂಡರು. ಅವಳಿಗೆ ಆ ಊರಿನಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ.

ವಿಶಾಖಪಟ್ಟಣದ ಔಷಧ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದೇ ನನ್ನ ಕೆಲಸ. ಯಂತ್ರ ಕಳಿಸುವುದು ಚೂರುಪಾರು ಮಾಹಿತಿ, ಲೈನ್ ಸ್ಥಿರವಾಗಿದ್ದರೆ ಸಾಕು, ಜೊತೆಗೆ ಪಾಠ ನಡೆದರೆ ಅದರ ಗಂಟೇನೂ ಹೋಗುವುದಿಲ್ಲ ಎಂದು ಫೋನಿನಲ್ಲಿ ಬಾಯಿ ನೋಯುವಷ್ಟು ಹೇಳಿದೆ. ನಾದಿನಿಯ ಮಾತು ಭಾವನ ಕಿವಿಗೆ ಇಳಿಯಬೇಕಲ್ಲ.

ಒಂದು ಭಾನುವಾರ ನಾನು ಹೋದಾಗ ಹಾಲ್ ಕುಲುಮೆಯಾಗಿತ್ತು. ಯಂತ್ರ ಭೋರಿಡುತ್ತಿತ್ತು, ಆದರೆ ಹಿಂದಿನ ದಿನದಿಂದ ಪೂಲ್‌ಗೆ ಅದರ ಸುಳಿವೇ ಇರಲಿಲ್ಲ. ಭಾವ ಅಕ್ಕನ ಮೇಲೆ ಹರಿಹಾಯುತ್ತಿದ್ದರು. ಲೈನ್ ನಿಧಾನವೆಂದು ತಾವು ದೂರು ಕೊಟ್ಟಿದ್ದರಂತೆ, ನಿನ್ನೆ ಲೈನ್‌ಮನ್ ಫೋನ್ ಮಾಡಿ ಆಗಿದೆ ಎಂದಿದ್ದರಂತೆ. ಹಾಗಾದರೆ ಇವಳೇ ಕದ್ದು ವೈಫೈ ಹಾಕಿ ಕೆಡಿಸಿದ್ದಾಳೆ ಎಂಬುದು ಅವರ ವಾದ. ಅಕ್ಕ ಗೋಡೆ ನೋಡುತ್ತಾ ಕೂತಿದ್ದಳು.

ನಾನೇ ಲೈನ್‌ಮನ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಬೆಂಜ್ ಸರ್ಕಲ್ ಹತ್ತಿರ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿತ್ತು.

“ಲೈನ್ ಆಗಿಂದಿ ಅನಿ ನಿನ್ನನೇ ಚೆಪ್ಪಾನು ಕದಂಡಿ,” ಎಂದರು ಅವರು.

ಲೈನ್ ನಿಂತಿದೆ ಎಂದು ನಿನ್ನೆಯೇ ಹೇಳಿದ್ದರು. ಭಾವ ಅದನ್ನು ‘ಆಗಿದೆ’ ಎಂದು ಕೇಳಿಸಿಕೊಂಡು, ಥ್ಯಾಂಕ್ಸ್ ಬೇರೆ ಹೇಳಿದ್ದರು. ಅಕ್ಕನ ಮೊದಲ ಪಾಠ ಅದು, ಪುಟ್ಟ ಮಕ್ಕಳು ಕಲಿತದ್ದು. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಅವತ್ತು ಆ ಯಂತ್ರವನ್ನು ಎತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು. ಭಾವ ತಪ್ಪಾಯಿತು ಎನ್ನುವ ಬದಲು ಫೋನಿನತ್ತ ಬಾಗಿ, ಲೈನ್ ಯಾವಾಗ ಬರುತ್ತದೆ ಎಂದು ಕೇಳಿದರು.

ಸಂಜೆ ಲೈನ್ ಬಂತು. ಅಕ್ಕ ಎದ್ದು ಹೋಗಿ ಯಂತ್ರದ ಕೇಬಲ್ ಕಿತ್ತು ತನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಂಡಳು.

“ಯಂತ್ರ ನಿಂತ್ಹೋಗುತ್ತೆ ಕಣೇ,” ಎಂದರು ಭಾವ.

“ಆಗಲಿ,” ಎಂದಳು ಅಕ್ಕ.

ತೆಲುಗಿನಲ್ಲಿ ಅದನ್ನೇ ಹೋಲುವ ಮಾತೊಂದಿದೆ, ಆಗಾಲಿ. ನಿಲ್ಲಲೇಬೇಕು ಎಂದು ಅರ್ಥ. ಅವಳು ಯಾವ ಭಾಷೆಯಲ್ಲಿ ಹೇಳಿದಳೆಂದು ಭಾವ ಈ ಸಲವೂ ಕೇಳಲಿಲ್ಲ.