ತೊಟ್ಟಿಲ ದಿನ ಆಡಿದ ಮಾತು

ಅಮರಮ್ಮನ ಸಂಸಾರ ಮುರಿದವಳು ನಾನು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕಥೆ ಹೇಳುವ ಚಟ ಇದೆ. ಸುತ್ತುಬಳಸಿ ಹೊರಟರೆ ಎಲ್ಲಿಯೋ ಹೋಗಿಬಿಡುತ್ತೇನೆ, ಹೇಳಬೇಕಾದದ್ದು ಹಾಗೆಯೇ ಉಳಿಯುತ್ತದೆ. ಇಪ್ಪತ್ತು ವರ್ಷದ ಮೇಲೆ ಅದು ಹಾಗೆಯೇ ಉಳಿದಿತ್ತು.

ಜಾಗ ಪಾಮನಕಲ್ಲೂರು, ಅಮರಮ್ಮನ ತವರುಮನೆಯ ಪಡಸಾಲೆ. ಕೂಸಿನ ತೊಟ್ಟಿಲ ದಿನ. ಅಲ್ಲಿ ಯಾರು ಯಾರು ಇದ್ದರು ಎಂದರೆ — ಕೋಣೆಯ ಬಾಗಿಲ ಬಳಿ ಬಾಣಂತಿ ಅಮರಮ್ಮ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು. ಅವಳ ತಾಯಿ ನಾಗಮ್ಮ, ಒಳಗೂ ಹೊರಗೂ ಓಡಾಡುತ್ತ. ಹಟ್ಟಿಯಿಂದ ಬಸ್ಸಿಗೆ ಬಂದಿದ್ದ ಅತ್ತೆ ಬಸಲಿಂಗಮ್ಮ, ಕೂಸಿಗೆ ತಂದ ಬೆಳ್ಳಿಯ ಕಡಗಗಳನ್ನು ಮಡಿಲಲ್ಲಿಟ್ಟುಕೊಂಡು. ಗೋಡೆಯುದ್ದಕ್ಕೂ ಓಣಿಯ ಹೆಂಗಸರು. ಗಂಡ ಶರಣಪ್ಪ ಬಂದಿರಲಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಅವನ ಕೆಲಸ, ಆ ದಿನ ಪಾಳಿ ಇತ್ತು. ನಡುವೆ, ಎಲ್ಲರಿಗೂ ಕಾಣುವ ಹಾಗೆ, ಹೊಸ ಸೀರೆ ಉಟ್ಟುಕೊಂಡು ನಾನು — ಸೂಲಗಿತ್ತಿ ಹುಲಿಗೆಮ್ಮ. ಕೂಸು ಹಿಡಿದವಳಿಗೆ ತೊಟ್ಟಿಲ ದಿನ ಸೀರೆ ಉಡಿಸಿ ನಡುವೆ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಆ ಒಂದು ದಿನ ಎಲ್ಲರೂ ಅವಳ ಮಾತಿಗೆ ಕಿವಿ ಕೊಡುತ್ತಾರೆ. ಆ ಕಿವಿಗಳೇ ನನ್ನನ್ನು ಕೆಡಿಸಿದವು ಎನ್ನಲೇ? ಅದು ನೆಪ.

ನಾನು ಈ ಕೆಲಸ ಕಲಿತದ್ದು ನನ್ನ ಅತ್ತೆಯಿಂದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಗಾದೆಯಿಲ್ಲದೆ ಒಂದು ತುತ್ತೂ ಇಳಿಯುತ್ತಿರಲಿಲ್ಲ; ನನಗೆ ಮಾತು ಬಂದದ್ದೂ ಅವಳಿಂದಲೇ. ಕೂಸಿನ ಹಿಂದೆ ಬೀಳುವ ಮಾಸನ್ನು ಹಿತ್ತಲಲ್ಲಿ ಆಳಕ್ಕೆ ಹೂಳಿ, ನಾಯಿ ಕೆದರದಂತೆ ಮೇಲೊಂದು ಕಲ್ಲು ಎಳೆದು ಬರುವುದು ಸೂಲಗಿತ್ತಿಯ ಕೊನೆಯ ಕೆಲಸ. ಮೊದಲ ಸಲ ನನ್ನ ಕೈಗೆ ಸಲಿಕೆ ಕೊಟ್ಟಾಗ ಅತ್ತೆ ಅಂದಿದ್ದಳು:

"ಕೋಣ್ಯಾಗ ಕಂಡದ್ದು, ಕೇಳಿದ್ದು ಎಲ್ಲಾ ಇದರ ಜೋಡಿ ಹೂಳಿ ಬರಬೇಕು ನೋಡವ್ವ. ಹೊತಗೊಂಡು ಮನೀಗಿ ಬಂದಿ ಅಂದ್ರ ಆ ನಾಯಿಗಿಂತ ಕಡಿ ನೀ."

ಹೂಳಿದ್ದೇನೆ. ನೋವು ತಿನ್ನುವ ಹೆಂಗಸು ಏನೇನೋ ಆಡುತ್ತಾಳೆ — ಗಂಡನನ್ನು ಬೈಯುತ್ತಾಳೆ, ದೇವರನ್ನು ಬೈಯುತ್ತಾಳೆ. ಒಬ್ಬಳಂತೂ ನನ್ನ ಬೆಂಡೋಲೆ ಹಿಡಿದೆಳೆದು, "ಇನ್ನೊಮ್ಮೆ ತಿಣಕು ಅಂದ್ರ ನಿನ್ನ ಕೊಂದ ಬಿಡ್ತೀನಿ ಬೇ" ಎಂದಿದ್ದಳು. ಆಕೆ ಯಾರೆಂದು ಇಂದಿಗೂ ಯಾರಿಗೂ ಹೇಳಿಲ್ಲ. ಅಷ್ಟೆಲ್ಲ ಹೂಳಿದವಳು ಅಮರಮ್ಮನ ವಿಷಯದಲ್ಲಿ ಮಾತ್ರ —

ಅವಳ ಹೆರಿಗೆ ಆದದ್ದು ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಚೊಚ್ಚಲ ಎಂದರೆ ಹಗಲೂ ರಾತ್ರಿ ಎಳೆಯುವುದುಂಟು, ಅವಳದು ಹಾಗಾಗಲಿಲ್ಲ. ನಾಗಮ್ಮ ಒಲೆಯ ಮೇಲಿಟ್ಟ ಹಂಡೆಯ ನೀರು ಕಾಯುವ ಮೊದಲೇ ಹೆಣ್ಣುಕೂಸು ನನ್ನ ಕೈಯಲ್ಲಿತ್ತು. ಕೆಲವರಿಗೆ ಚೊಚ್ಚಲವೂ ಹಾಗೆಯೇ ಬರುತ್ತದೆ. ಅಂಥ ಹೆರಿಗೆಗಳನ್ನು ನಾನು ಮೊದಲೂ ಕಂಡಿದ್ದೆ. ಅವಳ ಮೈ ಚೊಚ್ಚಲ ಮೈ. ನನ್ನ ಕೈಗೆ ಅದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಓದುತ್ತಿರುವ ನೀವು ಈ ಒಂದು ಸಂಗತಿಯನ್ನು ಕೈಬಿಡಬಾರದು. ನನಗೆ ಗೊತ್ತಿತ್ತು.

ತೊಟ್ಟಿಲ ದಿನ ಹೆಂಗಸರಲ್ಲಿ ಯಾರೋ ಕೇಳಿದರು.

"ಹೆಂಗಾತು ಹೇಳಬೇ ಹುಲಿಗೆವ್ವ, ಭಾಳ ಜಲ್ದಿ ಆತಂತಲ್ಲ?"

"ಏನ್ ಹೇಳ್ಲಿ ತಾಯಿ! ನಾ ಇನ್ನಾ ಸೆರಗು ಸಿಗಿಸಿಲ್ಲ, ನಾಗಮ್ಮ ಒಲಿ ಊದಾಕತ್ತಾಳ, ಕೂಸು ಬಂದು ‘ಯಾಕ ತಡಾ ಮಾಡೀರಿ’ ಅಂತ ಕುಂತಿತ್ತು!"

ಪಡಸಾಲೆ ನಕ್ಕಿತು. ಒಂದು ನಗು ಸಿಕ್ಕರೆ ನನಗೆ ಇನ್ನೊಂದು ಬೇಕು. ಅದಕ್ಕೆ ಅಂದೆ:

"ಇದು ಚೊಚ್ಚಲ ಅಂದ್ರ ನಂಬೂ ಮಾತೇನ್ರೇ? ಈಕಿ ಎಲ್ಲ್ಯೋ ಒಂದು ಹಡದು, ಕಲತ ಬಂದಾಳ!"

ಇನ್ನೂ ಜೋರಾಗಿ ನಕ್ಕರು. ಅಮರಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು, "ಥೂ, ಸುಮ್ನಿರಬೇ ಹುಲಿಗೆವ್ವ" ಎಂದು ನಕ್ಕಳು. ಬಸಲಿಂಗಮ್ಮ ಆಗ ಕೂಸಿನ ಕಾಲಿಗೆ ಕಡಗ ಹಾಕುತ್ತಿದ್ದಳು. ಒಂದು ಕಾಲಿಗೆ ಹಾಕಿ ಆಗಿತ್ತು. ಅವಳ ಕೈ ನಿಂತಿತು. ಆಮೇಲೆ ಇನ್ನೊಂದು ಕಾಲಿಗೂ ಹಾಕಿದಳು, ಕೂಸಿನ ಮುಖ ನೋಡದೆ.

ಇಷ್ಟೇ ಆಗಿದ್ದರೆ ಅದು ಸಲಿಗೆಯ ಮಾತು, ಹಾರಿ ಹೋಗುತ್ತಿತ್ತು. ಇಷ್ಟೇ ಆಗಲಿಲ್ಲ.

ಊಟ ಮುಗಿದು ಊರಿಗೆ ಹೊರಟ ಬಸಲಿಂಗಮ್ಮ ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲು ನನ್ನ ಮನೆಯ ಬಾಗಿಲಿಗೆ ಬಂದಳು, ಒಬ್ಬಳೇ. ನೀರು ಕೊಟ್ಟರೆ ಕುಡಿಯಲಿಲ್ಲ.

"ಹುಲಿಗೆಮ್ಮ, ನೀ ನಕ್ಕೋತ ಅಂದಿ. ನಾ ನಕ್ಕೋತ ಕೇಳಾಕ ಬಂದಿಲ್ಲ. ಹಡದ ಮೈ ಯಾವುದು, ಚೊಚ್ಚಲ ಮೈ ಯಾವುದು — ನಿನ್ನ ಕೈಗಿ ಗೊತ್ತಾಗತೈತೇನು? ನರ್ಸಮ್ಮ ಅಂತಾಳ, ಊರ ಸೂಲಗಿತ್ತ್ಯಾರಿಗಿ ಏನೂ ತಿಳಿಯಂಗಿಲ್ಲಂತ."

ಆ ವರ್ಷಗಳಲ್ಲಿ ಬಸುರಿಯರೆಲ್ಲ ಮಸ್ಕಿಯ ದವಾಖಾನೆಗೆ ಹೋಗಲು ಶುರುಮಾಡಿದ್ದರು. ನರ್ಸಮ್ಮ ಮನೆಮನೆಗೆ ಬಂದು ಕರೆಯುತ್ತಿದ್ದಳು. ಸರಿಯಾಗಿಯೇ ಕರೆಯುತ್ತಿದ್ದಳು, ನನ್ನ ಕೈಯಲ್ಲಿ ಉಳಿಯದ ಕೂಸುಗಳು ಅಲ್ಲಿ ಉಳಿಯುತ್ತಿದ್ದವು. ಆದರೂ ನನ್ನ ಬಾಗಿಲ ಮುಂದೆಯೇ ದವಾಖಾನೆಯ ಜೀಪು ಹಾದು ಹೋದಾಗ ಏನೋ ಚುಚ್ಚುತ್ತಿತ್ತು. ಬಸಲಿಂಗಮ್ಮನಿಗೆ ಬೇಕಾಗಿದ್ದದ್ದು ಸೊಸೆಯ ವಿಷಯ. ನನಗೆ ಕೇಳಿಸಿದ್ದು ನರ್ಸಮ್ಮನ ವಿಷಯ.

"ನನ್ನ ಕೈ ಸುಳ್ಳು ಹೇಳಂಗಿಲ್ಲರೀ" ಎಂದೆ.

"ಹಂಗಾರ..."

ಚಾಷ್ಟಿ ಮಾಡಿದೆನವ್ವಾ, ನಿನ್ನ ಸೊಸೆ ಬಂಗಾರ — ಎನ್ನಬಹುದಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಆದರೆ ಹಾಗೆಂದರೆ, ಈ ಹುಲಿಗೆಮ್ಮ ಬಾಯಿಗೆ ಬಂದದ್ದು ಆಡುವವಳು, ಇವಳ ಕೈಗೂ ಬೆಲೆಯಿಲ್ಲ ಎಂದು ಹಟ್ಟಿಯ ತನಕ ಸುದ್ದಿಯಾದೀತು ಅನ್ನಿಸಿತು. ನಾನು ಅಂದದ್ದು:

"ನಾ ಏನೂ ಹೇಳಿಲ್ರೀ ಯವ್ವಾ. ನೀವ ತಿಳ್ಕೋರಿ."

ಪಡಸಾಲೆಯ ಮಾತಿಗಿಂತ ಕೆಟ್ಟದ್ದು ಈ ಮಾತು. ಅಲ್ಲಿ ಆಡಿದ್ದು ನಗೆಗೆ. ಇಲ್ಲಿ ಆಡಿದ್ದು — ನನ್ನ ಕೈ ತೊಳೆದುಕೊಳ್ಳುವುದಕ್ಕೆ. ನನ್ನ ಕೈ ಸುಳ್ಳು ಹೇಳಿರಲಿಲ್ಲ, ಖರೆ. ಕೈಯ ಹೆಸರಿನಲ್ಲಿ ಬಾಯಿ ಹೇಳಿತು.

ಅವಳು ತಲೆ ಬಗ್ಗಿಸಿಕೊಂಡು ಬಸ್ಸಿಗೆ ಹೋದಳು. ಓಡಿ ಹೋಗಿ ಹೇಳುವಷ್ಟು ಹೊತ್ತಿತ್ತು; ಆ ದಿನ ಬಸ್ಸು ಬಹಳ ತಡವಾಗಿ ಬಂತೆಂದು ಆಮೇಲೆ ಗೊತ್ತಾಯಿತು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ.

ಐದು ತಿಂಗಳಾದರೆ ಗಂಡನ ಮನೆಯವರು ಬಂದು ಬಾಣಂತಿಯನ್ನೂ ಕೂಸನ್ನೂ ಕರೆದೊಯ್ಯಬೇಕು. ನಾಗಮ್ಮ ಮಗಳಿಗೆ ಕಟ್ಟಿಕೊಡಲು ಅಂಟಿನುಂಡೆ ಮಾಡಿ ಡಬ್ಬಿ ತುಂಬಿಸಿಟ್ಟಿದ್ದಳು. ಯಾರೂ ಬರಲಿಲ್ಲ. ಅಮರಮ್ಮನ ಅಣ್ಣ ಹಟ್ಟಿಗೆ ಹೋಗಿ ಬಂದ; "ಸದ್ಯ ಇರಲಿ ಅಂತಾರ" ಎಂದ. ಉಂಡೆಗಳು ಮುಗ್ಗಿದವು. ಮರುವರ್ಷ ಶರಣಪ್ಪ ಇನ್ನೊಂದು ಮದುವೆ ಮಾಡಿಕೊಂಡನೆಂಬ ಸುದ್ದಿ ಬಂತು. ಹೆಣ್ಣು ಹಡೆದಳೆಂದು ಬಿಟ್ಟರು ಎಂದು ಊರು ಮಾತಾಡಿತು. ನಾನೂ ಆ ಮಾತಿಗೆ ಹೂಂ ಎಂದೆ. ಬಸಲಿಂಗಮ್ಮ ಮಾತ್ರ ಕಾರಣವನ್ನು ಯಾರೆದುರೂ ಬಾಯಿಬಿಡಲಿಲ್ಲ. ಆ ಮಟ್ಟಿಗೆ ಅವಳು ನನಗಿಂತ ಮೇಲು.

ಅಮರಮ್ಮ ಕೂಸನ್ನು ಕಟ್ಟಿಕೊಂಡು ಸಿಂಧನೂರಿಗೆ ಹೋದಳು. ಸಾಲಗುಂದದ ಕಡೆ ನಾಟಿ ಹಚ್ಚಿದಳು, ರೈಸ್‌ಮಿಲ್ಲಿನಲ್ಲಿ ಅಕ್ಕಿ ತೂರಿದಳು, ಮಗಳು ಮಂಜುಳಾಳನ್ನು ಓದಿಸಿ ಮದುವೆ ಮಾಡಿಕೊಟ್ಟಳು. ನಾನು ಸಿಂಧನೂರಿಗೆ ಹೋದಾಗಲೆಲ್ಲ ಬಿಡುತ್ತಿರಲಿಲ್ಲ. "ನನ್ನ ಮಗಳ್ನ ಹಿಡದಾಕಿ, ಉಣ್ಣದ ಹೋದ್ರ ಹೆಂಗ?" ಎಂದು ತಾಟು ಇಡುತ್ತಿದ್ದಳು. ಒಮ್ಮೆ ಬಡಿಸುತ್ತ ಬಡಿಸುತ್ತ ಅಂದಳು: "ನನ್ನ ಕಡಿಂದ ಏನ್ ತಪ್ಪಾಗೈತಂತ ಹಟ್ಟಿಯವ್ರು ಒಂದ ಮಾತು ಹೇಳಿ ಬಿಟ್ಟಿದ್ರ ಸಾಕಿತ್ತಬೇ. ಅದ ಒಂದು ತಿಳೀವಲ್ದು."

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಈಗ ನಾನು ಹೆರಿಗೆ ಮಾಡಿಸುವುದಿಲ್ಲ. ಬಸುರಿಯರ ಜೊತೆ ದವಾಖಾನೆಗೆ ಹೋಗುತ್ತೇನೆ. ಸೊಂಟ ತಿಕ್ಕುತ್ತೇನೆ, ಕೈ ಹಿಡಿದುಕೊಳ್ಳುತ್ತೇನೆ, ನಗಿಸುತ್ತೇನೆ. ನರ್ಸುಗಳು ಅಜ್ಜಿ ಎಂದು ಕರೆದು ಒಳಗೆ ಬಿಡುತ್ತಾರೆ. ಹೋದ ವರ್ಷ ಮಂಜುಳಾಗೆ ದಿನ ತುಂಬಿದಾಗ ಅಮರಮ್ಮ ನನ್ನನ್ನೇ ಕರೆಸಿದಳು. ಸಿಂಧನೂರಿನ ದವಾಖಾನೆ. ಹುಡುಗಿಗೆ ನೋವು ಬಂದದ್ದೇ ತಡ, ಒಳಗೆ ಕರೆದೊಯ್ದರು. ನಾವು ವರಾಂಡದಲ್ಲಿ ಸರಿಯಾಗಿ ಕೂತಿರಲಿಲ್ಲ, ಕೂಸು ಅತ್ತದ್ದು ಕೇಳಿಸಿತು. ಗಂಡು. ಅಲ್ಲಿಯ ನರ್ಸಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಕ್ಕಳು.

"ಅಜ್ಜಿ, ಚೊಚ್ಚಲ ಅಂತ ಹೇಳಿದ್ರಿ. ಎರಡನೇದರ ಹಂಗ ಬಂದು ಬಿಡ್ತಲ್ರೀ!"

ಅದೇ ಮಾತು. ಅಷ್ಟೇ ಹಗುರಾಗಿ, ಅಷ್ಟೇ ಪ್ರೀತಿಯಿಂದ. ಬೆಂಚಿನ ಮೇಲೆ ಕೂತಿದ್ದ ಮಂಜುಳಾಳ ಅತ್ತೆ ತಲೆ ಎತ್ತಿದಳು. ಅವಳಿಗೆ ಏನಾದರೂ ಅನ್ನಿಸಿತೋ, ಸುಮ್ಮನೆ ಎತ್ತಿದಳೋ ನನಗೆ ಗೊತ್ತಿಲ್ಲ. ನನ್ನ ಕಣ್ಣಿಗೆ ಮಾತ್ರ ಕಡಗ ಹಿಡಿದು ನಿಂತ ಕೈ ಕಂಡಿತು.

"ಇದು ತಾಯಿ ಕಡಿಂದ ಬಂದದ್ದರೀ" ಎಂದೆ. "ಅಮರಮ್ಮಂದೂ ಹಿಂಗ ಆತು. ಚೊಚ್ಚಲ ಇತ್ತು. ನಾನ ಹಿಡದೀನಿ, ನನಗ ಗೊತ್ತಿತ್ತು. ಗೊತ್ತಿದ್ದೂ..."

ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೂರ್ತಿ ಹೇಳಿದೆ — ಪಡಸಾಲೆಯಲ್ಲಿ ಆಡಿದ್ದು, ಬಾಗಿಲಲ್ಲಿ ಆಡಿದ್ದು, ಬಸ್ಸು ತಡವಾದದ್ದು. ನರ್ಸಮ್ಮ ಒಳಗೆ ಹೋದಳು. ಅಮರಮ್ಮ ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಕೇಳಿದಳು:

"ಇಷ್ಟು ವರ್ಷ ನನ್ನ ಮನ್ಯಾಗ ಉಂಡೆಲ್ಲ. ಹೆಂಗ ಇಳೀತಬೇ?"

ಇಳಿಯುತ್ತಿತ್ತು, ಅದೇ ಸತ್ಯ.

"ಹಟ್ಟಿಗಿ ಹೋಗಿ ಅವರ ಮುಂದ ಹೇಳು" ಎಂದಳು. "ಹೇಳಿ ಆದಮ್ಯಾಲ ನನ್ನ ಮುಂದ ಬರಬ್ಯಾಡ."

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹಟ್ಟಿಗೆ ಹೋದೆ. ಗಣಿ ಕಂಪನಿಯ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತ ಓಣಿ. ಶರಣಪ್ಪನ ಎರಡನೆಯ ಹೆಂಡತಿ ಬಾಗಿಲು ತೆಗೆದು, ಯಾರು ಎಂದೂ ಕೇಳದೆ ಕುರ್ಚಿ ಹಾಕಿದಳು. ಬಸಲಿಂಗಮ್ಮ ಮಂಚದ ಮೇಲಿದ್ದಳು. ನನ್ನ ಗುರುತು ಹಿಡಿದಳು, ಆದರೆ ಕಿವಿ ಬಹಳ ಮಂದವಾಗಿತ್ತು. ನಾನು ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ.

"ಏನು? ಜೋರಾಗಿ ಹೇಳು."

ಇನ್ನಷ್ಟು ಬಗ್ಗಿ ಹೇಳಿದೆ.

"ಬಾಯಾಗ ಏನ್ ಇಟ್ಕೊಂಡೀ? ಜೋರಾಗಿ ಹೇಳಬೇ!"

"ಅಮರಮ್ಮಂದು ಚೊಚ್ಚಲ ಇತ್ತರೀ!" ಎಂದು ಕೂಗಿದೆ. "ನಿಮ್ಮ ಸೊಸಿದು ತಪ್ಪಿರಲಿಲ್ಲ! ನಾ ನಿಮಗ ಸುಳ್ಳು ತಿಳಿಸಿದ್ನಿ!"

ಪಿಸುಮಾತಿನಲ್ಲಿ ಕೆಡಿಸಿದ್ದನ್ನು ಓಣಿಗೆಲ್ಲ ಕೇಳುವಂತೆ ಕೂಗಬೇಕಾಯಿತು. ಪಕ್ಕದ ಮನೆಗಳ ಹೆಂಗಸರು ಬಾಗಿಲಿಗೆ ಬಂದರು. ಎರಡನೆಯ ಹೆಂಡತಿ ಚಹಾದ ಒಲೆ ಆರಿಸಿದಳು. ಪಾಳಿ ಮುಗಿಸಿ ಬಂದ ಶರಣಪ್ಪ ಹೊಸ್ತಿಲಲ್ಲಿ ಒಂದು ಕಾಲಿನ ಬೂಟು ಬಿಚ್ಚಿ ಕೈಯಲ್ಲಿ ಹಿಡಿದವನು ಹಾಗೆಯೇ ನಿಂತಿದ್ದ, ತಲೆ ನರೆತಿತ್ತು.

ಬಸಲಿಂಗಮ್ಮ ಮಂಚದ ಅಂಚು ಹಿಡಿದು ಎದ್ದು ಕೂತಳು.

"ಇದನ್ನ ಹೇಳಾಕ ಹಟ್ಟಿತನಕ ಬಂದಿ. ಅವತ್ತು ನಿಮ್ಮೂರ ಬಸ್‌ಸ್ಟ್ಯಾಂಡ್ ಎಷ್ಟು ದೂರ ಇತ್ತಬೇ?"

ನಾನು ಎದ್ದು ಬಂದೆ.

ಅಮರಮ್ಮ ಹೇಳಿದಂತೆ ಅವಳ ಮನೆಗೆ ನಾನು ಮತ್ತೆ ಹೋಗಿಲ್ಲ. ಬಾಣಂತಿಗೂ ಕೂಸಿಗೂ ನೀರೆರೆಯಲು ನನ್ನನ್ನು ಕರೆಯಲಿಲ್ಲ, ಅವಳೇ ಎರೆದಳು. ಮುಂದಿನದು ಮಂಜುಳಾ ಫೋನಿನಲ್ಲಿ ಹೇಳಿದ್ದು.

ಒಂದು ಭಾನುವಾರ ಶರಣಪ್ಪ ಸಿಂಧನೂರಿಗೆ ಬಂದ. ಮಂಜುಳಾ ಅವನನ್ನು ಎಂದೂ ನೋಡಿರಲಿಲ್ಲ. ಹೆಸರು ಕೇಳಿ ಒಳಗೆ ಹೋಗಿ ತಾಯಿಗೆ ಹೇಳಿದಳು. ಅಮರಮ್ಮ ಬಚ್ಚಲಲ್ಲಿ ಕಾಲು ಚಾಚಿ, ಕಾಲ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. "ಕುಂದ್ರಾಕ ಹೇಳು" ಎಂದಳು. ಅವನು ಹೊರಗೆ ಕಟ್ಟೆಯ ಮೇಲೆ ಕೂತ. ಹಂಡೆಯ ನೀರು ಮುಗಿಯಿತು. ಅಮರಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, ಒಲೆಯ ಮೇಲೆ ಇನ್ನೊಂದು ಹಂಡೆ ನೀರಿಟ್ಟಳು. ಬಾಣಂತಿಗೆ ಎರೆಯುವುದು ಬಾಕಿ ಇತ್ತು.

ಆ ನೀರು ಕಾಯುವ ಮೊದಲೇ ಅವನು ಎದ್ದು ಹೋದ.