ದ್ವೀಪದಲ್ಲಿ ಅಕ್ಕ ಓಡಿಸಿದ ಕಾರು

ಮೊನ್ನೆ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಡೂರಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಬ್ಯಾಗಿನಿಂದ ಟ್ಯೂಬ್ ತೆಗೆದು ಮುಖಕ್ಕೆ ಬಿಸಿಲಿನ ಕ್ರೀಮು ಹಚ್ಚಿಕೊಂಡಳು. ಕೊಬ್ಬರಿಯ ಹಾಗಿದ್ದೂ ಕೊಬ್ಬರಿಯಲ್ಲದ ವಾಸನೆ. ಸಿಂಗಟಗೆರೆಯಲ್ಲಿ ಹುಟ್ಟಿ, ತಲೆಗೆ ಕೊಬ್ಬರಿ ಎಣ್ಣೆ ಹಾಕಿಸಿಕೊಂಡೇ ಬೆಳೆದ ನನಗೆ ಅದರಿಂದ ನೆನಪಾಗಬೇಕಾದದ್ದು ನಮ್ಮ ತೆಂಗಿನ ತೋಟ. ನೆನಪಾದದ್ದು ಮಾತ್ರ ಮಲೇಶಿಯಾದ ಲಂಕಾವಿ ದ್ವೀಪ, ಅಲ್ಲಿನ ಹಡಗುಕಟ್ಟೆ, ಒಂದು ಬಿಳಿ ಬಾಡಿಗೆ ಕಾರು, ಅದರ ಸ್ಟೀರಿಂಗ್ ಹಿಡಿದು ಕೂತ ನಮ್ಮಕ್ಕ. ನೆನಪಿಗೆ ಊರಭಿಮಾನ ಕಡಿಮೆ, ಏನು ಮಾಡುವುದು ಹೇಳಿ.

ಅಕ್ಕ ವಿಮಲಾ ಅಜ್ಜಂಪುರದಲ್ಲಿ ಟೀಚರಾಗಿದ್ದವಳು. ಭಾವ ನಂಜಪ್ಪನವರು ಲಕ್ಕವಳ್ಳಿ ಅಣೆಕಟ್ಟಿನ ಕಚೇರಿಯಿಂದ ನಿವೃತ್ತರಾದವರು. ಈಗ ಇಬ್ಬರೂ ಕಡೂರಿನಲ್ಲಿದ್ದಾರೆ. ಭಾವನವರಿಗೆ ಕಾರು ಓಡಿಸುವ ಹುಚ್ಚು ಎಷ್ಟಿತ್ತೋ, ಓಡಿಸುವ ಮುನ್ನ ಯೋಜನೆ ಹಾಕುವ ಹುಚ್ಚು ಅದಕ್ಕಿಂತ ಹೆಚ್ಚು. ಹಿರೇನಲ್ಲೂರಿಗೆ ಹೋಗಿ ಬರುವುದಕ್ಕೂ ಕಾಫಿ ಎಲ್ಲಿ, ನೆರಳು ಎಲ್ಲಿ, ವಾಪಸು ಬರುವಾಗ ಬಿಸಿಲು ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಮೊದಲೇ ಯೋಚಿಸುತ್ತಿದ್ದರು. ಸ್ಟೀರಿಂಗ್ ಮಾತ್ರ ಯಾರಿಗೂ ಬಿಟ್ಟುಕೊಟ್ಟವರಲ್ಲ. ಅಕ್ಕನ ಹತ್ತಿರ ಲೈಸೆನ್ಸ್ ಇತ್ತು. ಕೆಲವರ ಮನೆಯಲ್ಲಿ ಯಾರೂ ನುಡಿಸದ ವೀಣೆಯೊಂದು ಇರುತ್ತದಲ್ಲ, ಹಾಗೆ. ನನ್ನ ಹತ್ತಿರ ಅದೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಕಡಲೆಕಾಯಿ ತಿನ್ನುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆಯೊಂದೇ ನನಗೆ ಉಳಿದಿತ್ತು.

ಸಿಂಗಾಪುರದಿಂದ ಹೊರಡುವ ಪ್ರವಾಸದ ಹಡಗಿನಲ್ಲಿ ಹೋಗೋಣವೆಂದು ಹಠ ಹಿಡಿದವರು ಭಾವನೇ. ಹಡಗು ಬೆಳಗ್ಗೆ ಲಂಕಾವಿಗೆ ಬಂದು ಸಂಜೆ ಹೊರಟುಬಿಡುತ್ತದೆ. ನಡುವಿನ ಒಂದು ಹಗಲು ನಮ್ಮದು. ಎಲ್ಲರೂ ಹಡಗಿನವರೇ ಗೊತ್ತುಮಾಡಿದ ಬಸ್ಸಿನಲ್ಲಿ ಸುತ್ತುತ್ತಾರೆ. ಭಾವನವರಿಗೆ ಅದು ಒಗ್ಗಲಿಲ್ಲ.

"ಅವ್ರು ಬಿಟ್ಟ ಕಡೆ ಇಳೀಬೇಕು, ಕರೆದಾಗ ಹತ್ತಬೇಕು. ನಾವೇ ಒಂದು ಕಾರು ತಗೊಂಡ್ರೆ ಆ ದ್ವೀಪ ನಮ್ದು ಕಣೋ," ಎಂದರು ನನಗೆ.

"ತಡ ಆದ್ರೆ ಭಾವ?"

"ಅದಕ್ಕೇ ಮೊದಲು ದೂರದ್ದು ನೋಡ್ಬೇಕು. ಹೊತ್ತು ಇಳೀತಾ ಇಳೀತಾ ಹಡಗಿನ ಹತ್ರಕ್ಕೆ ಬರ್ತಾ ಇರ್ಬೇಕು. ಹಡಗು ಯಾರಿಗೂ ಕಾಯಲ್ಲ. ಬೀರೂರಲ್ಲಿ ರೈಲು ನಿಂತ ಹಾಗಲ್ಲ ಅದು."

ಆರೇಳು ತಿಂಗಳು ಊಟದ ಮೇಜಿನ ಮೇಲೆ ಲಂಕಾವಿಯೇ ಹರಡಿಕೊಂಡಿತ್ತು. ಭಾವ ಫೋನಿನಲ್ಲಿ ಆ ದ್ವೀಪದ ಒಂದೊಂದು ರಸ್ತೆಯನ್ನೂ ಹಿಗ್ಗಿಸಿ ಕುಗ್ಗಿಸಿ ನೋಡುವರು. ಅಕ್ಕ ಚಪಾತಿ ಇಡಲು ಜಾಗ ಹುಡುಕುವಳು. ಪಕ್ಕದ ಮನೆಯ ಅಜ್ಜಿ ಹೆಸರು ಕೇಳಿ ಗಾಬರಿಯಾಗಿ, "ಲಂಕೆಗೆ ಹೊಂಟ್ರಾ? ಹುಷಾರು ಕಣಪ್ಪ, ಹೋದೋರು ಬೆಂಕಿ ಹಚ್ಚಿ ಬರೋ ಊರು ಅದು," ಎಂದಿದ್ದರು.

ಅಷ್ಟರಲ್ಲಿ ಭಾವನವರ ಕಣ್ಣು ಮಂಜಾಗತೊಡಗಿತು. ಪೊರೆಯಿರಬೇಕು, ತೆಗೆಸಿದರಾಯಿತು ಎಂದುಕೊಂಡು ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪದರವೇ ಕೆಟ್ಟಿದೆ ಎಂದರು. ಇರುವಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ, ಇನ್ನು ಗಾಡಿ ಓಡಿಸುವ ಹಾಗಿಲ್ಲ. ಭಾವ ಆಸ್ಪತ್ರೆಯ ಹೊರಗೆ ಬಂದು ತಮ್ಮ ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತೇಬಿಟ್ಟರು. ಬರುವಾಗ ಅವರೇ ಓಡಿಸಿಕೊಂಡು ಬಂದಿದ್ದರು. ವಾಪಸು ಬರಲು ಬಾಡಿಗೆ ಡ್ರೈವರನ್ನು ಕರೆಯಬೇಕಾಯಿತು. ಮನೆಗೆ ಬಂದ ಮೇಲೆ, "ಆ ಹಡಗು ಗಿಡಗು ಕ್ಯಾನ್ಸಲ್ ಮಾಡ್ಸು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅಕ್ಕ ಕೈಕಾಲು ತೊಳೆದು ಬಂದು ಹೇಳಿದ್ದು ಒಂದೇ ಮಾತು. "ಯಾಕ್ರೀ ಕ್ಯಾನ್ಸಲ್ಲು? ನಾನು ಓಡಿಸ್ತೀನಿ."

ಭಾವ ಎದ್ದು ಕೂತರು. ಬೈಯುತ್ತಾರೆಂದುಕೊಂಡೆ. "ನಿಂಗೆ ಅರವತ್ತು ದಾಟಿದೆ ಕಣೇ," ಎಂದರು.

"ದಾಟಿದ್ದು ವಯಸ್ಸು. ಕೈಕಾಲು ಇಲ್ಲೇ ಇದಾವೆ."

ಮರುದಿನದಿಂದ ಹಿರೇನಲ್ಲೂರಿನ ರಸ್ತೆಯಲ್ಲಿ ಅಭ್ಯಾಸ ಶುರುವಾಯಿತು. ಪಕ್ಕದಲ್ಲಿ ಭಾವ, ಹಿಂದೆ ನಾನು. ಕ್ಲಚ್ಚು, ಬ್ರೇಕು, ಹಾರ್ನು ಎಂದು ಭಾವ ಬಿಡುವಿಲ್ಲದೆ ಕೂಗುವರು. ಒಂದು ದಿನ ಅಕ್ಕ ರಾಗಿ ಹೊಲದ ಪಕ್ಕ ಕಾರು ನಿಲ್ಲಿಸಿ, "ಸ್ವಲ್ಪ ಇಳೀರಿ, ಟೈರು ನೋಡಿ," ಎಂದಳು. ಭಾವ ಇಳಿದದ್ದೇ ತಡ, ಹೊರಟೇಬಿಟ್ಟಳು. ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ಭಾವ ಸೊಂಟದ ಮೇಲೆ ಕೈಯಿಟ್ಟು ರಸ್ತೆಯ ನಡುವೆ ನಿಂತು ಸಣ್ಣಗಾಗುತ್ತಿದ್ದರು. ನಾವು ವಾಪಸು ಬಂದಾಗ ಬೇಲಿಯ ನೆರಳಿನಲ್ಲಿ ಕೂತು ನಗುತ್ತಿದ್ದರು. "ಮೂರನೇ ಗೇರು ನೀಟಾಗಿ ಬಿತ್ತು, ಇಲ್ಲಿವರೆಗೂ ಕೇಳಿಸ್ತು," ಎಂದರು. ಆ ಮೇಲೆ ತರೀಕೆರೆಗೆ ಹೋಗಿ ಅಕ್ಕನ ಹೆಸರಿಗೆ ಹೊರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ ಮಾಡಿಸಿಕೊಂಡು ಬಂದೆವು.

ಲಂಕಾವಿಯ ಹಡಗುಕಟ್ಟೆಯಲ್ಲಿ ಬಿಸಿಲಿನ ಕ್ರೀಮು ಬಳಿದುಕೊಂಡ ಜನವೋ ಜನ. ಬಾಡಿಗೆ ಕಾರಿನವನು ನಮ್ಮ ಮೂವರನ್ನೂ ನೋಡಿ ಕೀಲಿಯನ್ನು ನೇರವಾಗಿ ಭಾವನವರ ಕೈಗೆ ಕೊಟ್ಟ. ನೋಡಿದರೆ ಯಾರಾದರೂ ಅವರಿಗೇ ಕೊಡುತ್ತಿದ್ದರು. ಭಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಅಕ್ಕನ ಕಡೆ ಚಾಚಿ, "ತಗೋ. ಇಲ್ಲೂ ಎಡಗಡೆನೇ ಓಡಿಸೋದು, ನಮ್ಮೂರ ಹಾಗೇ," ಎಂದರು.

ಯೋಜನೆಯಂತೆ ಮೊದಲು ದೂರದ ಉತ್ತರದ ಕಡಲತೀರ ನೋಡಿದೆವು. ಆಮೇಲೆ ಬೆಟ್ಟ ಹತ್ತಿದೆವು. ಗೇರೇ ಹಾಕಬೇಕಿಲ್ಲದ ಕಾರಾದ್ದರಿಂದ ಭಾವನವರಿಗೆ ಹೇಳಲು ಏನೂ ಉಳಿದಿರಲಿಲ್ಲ. ಕಿಟಕಿಗೆ ಮುಖವಿಟ್ಟು ಸುಮ್ಮನೆ ಕೂತಿದ್ದರು. ಬೆಟ್ಟ ಇಳಿದದ್ದೇ ಮಳೆ ಹಿಡಿಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಬಿದ್ದು ಗಾಡಿಗಳು ಸಾಲುಗಟ್ಟಿದ್ದವು. ನನ್ನ ಫೋನು ಸಿಗ್ನಲ್ ಇಲ್ಲದೆ ಸತ್ತಂತಿತ್ತು. ಇಳಿಹೊತ್ತಾಗಿತ್ತು. ಹಡಗು ತಪ್ಪಿದರೆ ಪಾಸ್‌ಪೋರ್ಟೂ ಅದರೊಳಗೆ, ಭಾವನವರ ಇನ್ಸುಲಿನ್ನೂ ಅದರೊಳಗೆ.

"ಹಿಂದಕ್ಕೆ ತಿರುಗಿಸು," ಎಂದರು ಭಾವ. "ಒಂದು ಮಸೀದಿ ಬಂತಲ್ಲ, ಅದನ್ನ ದಾಟಿ ಬಲಕ್ಕೆ. ಗದ್ದೆ ನಡುವೆ ದಾರಿ ಇದೆ."

"ನಿಮಗೆ ಕಾಣ್ತಿದೆಯೇನ್ರೀ?"

"ಇಲ್ಲ. ನೆನಪಿದೆ."

ಆರೇಳು ತಿಂಗಳು ಮೇಜಿನ ಮೇಲೆ ಹರಡಿದ್ದ ದ್ವೀಪವನ್ನು ಕಣ್ಣು ಮುಚ್ಚಿಕೊಂಡು ಓದುತ್ತ ಅವರು ಹೇಳುತ್ತ ಹೋದರು, ಅಕ್ಕ ತಿರುಗಿಸುತ್ತ ಹೋದಳು. ಎಲ್ಲ ಸರಿಯಾಗಿಯೇ ಇತ್ತು, ಕೊನೆಯ ತಿರುವೊಂದನ್ನು ಬಿಟ್ಟು. ಆ ದಾರಿ ಯಾರದೋ ಮನೆಯಂಗಳದಲ್ಲಿ, ಕೋಳಿಗಳ ನಡುವೆ ಮುಗಿದುಹೋಯಿತು. ಅಕ್ಕ ಇಳಿದು, ಕೊಡೆ ಹಿಡಿದು ಬಂದ ಆ ಮನೆಯಾಕೆಗೆ ಎರಡೂ ಕೈ ದೋಣಿಯ ಹಾಗೆ ಮಾಡಿ ತೋರಿಸಿ, ತಾನೇ ಹಡಗಿನ ಹಾಗೆ ಕೂಗಿದಳು. ಆಕೆ ಬಿದ್ದು ಬಿದ್ದು ನಕ್ಕು, ಮಳೆಯಲ್ಲೇ ಸ್ಕೂಟರ್ ತೆಗೆದು ಮುಂದೆ ಮುಂದೆ ಹೋಗಿ ನಮ್ಮನ್ನು ದೊಡ್ಡ ರಸ್ತೆಗೆ ಮುಟ್ಟಿಸಿದಳು. ಕಟ್ಟೆಯಲ್ಲಿ ಓಡಿ ಹಡಗು ಹತ್ತಿದವರಲ್ಲಿ ನಾವೇ ಕೊನೆಯವರು.

ಹಡಗಿನ ಮೇಲಂತಸ್ತಿನಲ್ಲಿ ಅಕ್ಕ ಕಂಬಿ ಹಿಡಿದು ನಿಂತಳು. ಭಾವ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟರು. "ಇಷ್ಟು ವರ್ಷ ನಾನು ಬರೀ ರಸ್ತೆ ನೋಡ್ತಿದ್ದೆ ಕಣೇ. ಇವತ್ತೇ ಪಕ್ಕಕ್ಕೆ ನೋಡಿದ್ದು."

"ಏನು ಕಾಣಿಸ್ತು?"

"ಎಮ್ಮೆ. ಬೆನ್ನ ಮೇಲೆ ಒಂದು ಬೆಳ್ಳಕ್ಕಿ, ಬೆಳ್ಳಗೆ ಇತ್ತಲ್ಲ, ಅದ್ಕೇ ಕಾಣಿಸ್ತು. ನಮ್ಮ ಕಡೆನೂ ಕೂರ್ತಾವಾ ಹಾಗೆ?"

"ಕೂರ್ತಾವೆ ಕಣ್ರೀ," ಎಂದ ಅಕ್ಕ ಸಮುದ್ರದ ಕಡೆ ತಿರುಗಿಕೊಂಡಳು. ನಾನೂ ತಿರುಗಿಕೊಂಡೆ.

ಈಗ ಭಾವನವರಿಗೆ ಬೆಳಕು ಕತ್ತಲು ಬಿಟ್ಟರೆ ಹೆಚ್ಚೇನೂ ತಿಳಿಯುವುದಿಲ್ಲ. ಮೊನ್ನೆ ಆ ಹುಡುಗಿಯ ಕ್ರೀಮಿನ ವಾಸನೆ ತಲೆಗೇರಿಸಿಕೊಂಡವನು ಕಡೂರಿನಲ್ಲಿ ಇಳಿದು ಸೀದಾ ಅಕ್ಕನ ಮನೆಗೆ ಹೋದೆ. "ನನಗೂ ಓಡಿಸೋದು ಕಲಿಸೇ," ಎಂದೆ, ಈ ವಯಸ್ಸಿನಲ್ಲಿ. ಇಬ್ಬರೂ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಊರಾಚೆಯ ಖಾಲಿ ಮೈದಾನಕ್ಕೆ ಹೋದೆವು. ಅಕ್ಕ ಪಕ್ಕದಲ್ಲಿ ಕೂತಳು. ಭಾವ ತಾವಾಗಿ ಹಿಂದಿನ ಬಾಗಿಲು ಹುಡುಕಿ ನನ್ನ ಜಾಗದಲ್ಲಿ ಕೂತರು. ನಾನು ಕೀಲಿ ತಿರುಗಿಸಿದೆ, ಇಂಜಿನ್ನು ಗುಡುಗಿತು.

"ಭಾವ, ಎಲ್ಲಿಗೆ ಹೋಗ್ಲಿ?" ಎಂದೆ.

ಅವರು ಸೀಟಿಗೆ ಒರಗಿಕೊಂಡ ಸದ್ದು ಕೇಳಿಸಿತು. "ಮೊದ್ಲು ಹೊರಡೋ," ಎಂದರು. "ಎಲ್ಲಿಗೆ ಅಂತ ಆಮೇಲೆ ನೋಡಣ."